ನಲವತ್ತನೆಯ ಜೋಡು

ವೆಲ್ಸ್, ೧೫ ಸೆಪ್ಟೆಂಬರ್ ೧೯೮೬

ಹಿರ್ಶೆನ್‌ಬ್ರುನ್ ಅರಮನೆಯ ಮೇಲ್ವಿಚಾರಕಿಯವರಿಗೆ,

ಮಾನ್ಯ ಶ್ರೀಮತಿಯವರೇ,

ಕೆಳಗೆ ಸಹಿ ಮಾಡಿರುವ ನಾನು, ಕಿಲಿಯನ್ ಹೋಲ್ಜಿಂಗರ್, ವಯಸ್ಸು ಅರವತ್ತೆರಡು, ಮೂವತ್ತನಾಲ್ಕು ವರ್ಷ ಈ ಊರಿನ ಹುಡುಗರಿಗೆ ಲ್ಯಾಟಿನ್ ಕಲಿಸಿ ಹುಡುಗರಿಗೂ ಲ್ಯಾಟಿನ್ನಿಗೂ ಸಮಸಮನಾಗಿ ಹಾನಿ ಮಾಡಿ ನಿವೃತ್ತನಾದವನು, ಯಾರ ಬಲವಂತವೂ ಇಲ್ಲದೆ, ಒಂದು ಲೋಟ ಸೇಬಿನ ಮದ್ಯದ ಬಲದಿಂದ ಮಾತ್ರ, ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ: ನಿನ್ನೆ ಭಾನುವಾರ ಮಧ್ಯಾಹ್ನ ಮೂರು ಗಂಟೆಯ ಸುತ್ತಿನಲ್ಲಿ ನಾನು ನಿಮ್ಮ ಅರಮನೆಯಿಂದ ಒಂದು ಉಣ್ಣೆ ಚಪ್ಪಲಿ ಕದ್ದಿದ್ದೇನೆ. ಎಡಗಾಲಿನದು.

ನೆಪೋಲಿಯನ್ನನ ಸಿಪಾಯಿಗಳು ಅಲ್ಲಿಂದ ಬೆಳ್ಳಿ ತಟ್ಟೆಗಳನ್ನು ಹೊತ್ತರೆಂದು ನಿಮ್ಮ ಗೈಡ್ ಹೇಳಿದ. ಪಾಪ, ಅವರಿಗೆ ರುಚಿ ಇರಲಿಲ್ಲ. ನನ್ನ ಕೆಲಸ ನೋಡಿ: ನಲವತ್ತು ಜನ, ಒಬ್ಬ ಗೈಡ್, ಬಾಗಿಲಲ್ಲಿ ನೀವು. ಇಷ್ಟು ಕಣ್ಣುಗಳ ನಡುವೆ ಕೋಟಿನೊಳಗೆ ಚಪ್ಪಲಿ ಸೇರಿಸಿ ಶಿಳ್ಳೆ ಹಾಕುತ್ತ ಹೊರಟೆ. ಕಳ್ಳಹೆಜ್ಜೆ ಎಂಬ ಮಾತು ಕೇಳಿದ್ದೆ. ಹೆಜ್ಜೆಯನ್ನೇ ಕದ್ದ ಮೊದಲ ಕಳ್ಳ ಬಹುಶಃ ನಾನೇ.

ಯಾಕೆ ಕದ್ದೆ? ನಿಮ್ಮದೇ ತಪ್ಪು. ಬೆಂಚಿನ ಮೇಲೆ ಕೂತು ಚಪ್ಪಲಿಯ ಪಟ್ಟಿ ಕಟ್ಟಿಕೊಳ್ಳಲು ತಡಕಾಡುತ್ತಿದ್ದೆ. ನೀವು ಬಂದು ಮೊಣಕಾಲೂರಿದಿರಿ. ಸೌಜನ್ಯಕ್ಕೆ ನಾನು ತಲೆ ಬಾಗಿಸಿದೆ. "ತಲೆ ಬೇಡ ಪ್ರೊಫೆಸರ್ರೇ, ಕಾಲು ಕೊಡಿ" ಅಂದಿರಿ. ನಿಮ್ಮ ನೆಲಕ್ಕೆ ಗೀರು ಬೀಳದಿರಲೆಂದು ಬೂಟಿನ ಮೇಲೆ ಉಣ್ಣೆ ಚಪ್ಪಲಿ ತೊಡಿಸಿ ಪಟ್ಟಿ ಬಿಗಿದಿರಿ. ಹೆಂಡತಿ ಹೋದ ಆರು ವರ್ಷದಲ್ಲಿ ನನ್ನ ಕಾಲಿನ ಬಗ್ಗೆ ಯಾರೂ ಇಷ್ಟು ಕಾಳಜಿ ತೋರಿಸಿರಲಿಲ್ಲ.

ಆಮೇಲೆ ನಾವು ನಲವತ್ತು ಜನ ಆ ಮಹಾಸಭಾಂಗಣದೊಳಕ್ಕೆ ಜಾರಿದೆವು. ನಡೆದೆವು ಎಂದರೆ ಸುಳ್ಳಾದೀತು. ದಡದಿಂದ ಬಿಟ್ಟ ದೋಣಿಗಳ ಹಾಗೆ ತೇಲಿದೆವು. ಸದ್ದೇ ಇಲ್ಲ, ಹೊರಗೆ ಹಿಮ ಬೀಳುವಾಗ ಒಳಗೆ ಹೊದ್ದು ಮಲಗಿದವನಿಗೆ ಕೇಳಿಸುತ್ತದಲ್ಲ, ಅಷ್ಟು ಮಾತ್ರ. ಉಳಿದವರು ಬಾಯಿ ತೆರೆದು ಮೇಲೆ ನೋಡಿದರು. ನಾನು ಕಣ್ಣು ತೆರೆದು ನೋಡಿದೆ. ಮೂವತ್ತನಾಲ್ಕು ವರ್ಷ ಕರಿಹಲಗೆಗೆ ಮುಖ ಮಾಡಿ ನಿಂತೇ ಹಿಂದಿನ ಬೆಂಚಿನ ನಕಲು ಚೀಟಿ ಹಿಡಿದವನು ನಾನು. ಚಾವಣಿ ನೋಡಲೆಂದೇ ಮರದ ನೆಲದ ನಡುವೆ ಕೂರಿಸಿದ ಕರಿಕಲ್ಲಿನ ಮೇಲೆ ನಿಂತು ಆ ಚಾವಣಿ ಚಿತ್ರದ ಒಂದೊಂದು ರೆಕ್ಕೆಯನ್ನೂ ಎಣಿಸಿದ್ದೇನೆ ಎಂದರೆ ನಂಬಿ.

ಕದ್ದ ಮಾಲು ಸದ್ಯ ನನ್ನ ಹಾಸಿಗೆಯ ಪಕ್ಕದಲ್ಲಿದೆ. ಶಿಕ್ಷೆ ತಿಳಿಸುವುದು.

ತಮ್ಮ ವಿಧೇಯ ಅಪರಾಧಿ,
ಕಿಲಿಯನ್ ಹೋಲ್ಜಿಂಗರ್

—

ಹಿರ್ಶೆನ್‌ಬ್ರುನ್, ೨೪ ಸೆಪ್ಟೆಂಬರ್ ೧೯೮೬

ಮಾನ್ಯ ಪ್ರೊಫೆಸರರಿಗೆ,

ಮೊದಲನೆಯದಾಗಿ, ನಾನು ಶ್ರೀಮತಿ ಅಲ್ಲ. ಐವತ್ತೊಂದು ವರ್ಷದ ಕುಮಾರಿ. ಹೆಸರು ಲಿಯೋಪೋಲ್ಡಿನಾ ಜೌನರ್.

ಎರಡನೆಯದಾಗಿ, ಉಣ್ಣೆ ಚಪ್ಪಲಿಗೆ ಎಡಬಲ ಇರುವುದಿಲ್ಲ. ಯಾವ ಕಾಲಿಗಾದರೂ ಆಗುತ್ತದೆ. ಕದಿಯುವವರು ಇಷ್ಟಾದರೂ ಗಮನಿಸಬೇಕು.

ಮೂರನೆಯದಾಗಿ, ನಮ್ಮಲ್ಲಿರುವುದು ನಲವತ್ತು ಜೊತೆ. ಒಂದು ಸುತ್ತಿಗೆ ನಲವತ್ತೇ ಜನ. ಚಪ್ಪಲಿ ಇಲ್ಲದವರು ಆ ನೆಲದ ಮೇಲೆ ಕಾಲಿಡುವಂತಿಲ್ಲ, ಬಿಷಪ್ ಬಂದರೂ ಅಷ್ಟೆ. ಈಗ ನಲವತ್ತನೆಯವರು ಹೊರಗೆ ನಿಲ್ಲುತ್ತಾರೆ. ಮೊನ್ನೆ ಹಾಗೆ ನಿಂತವನು ಫ್ರೈಸ್ಟಾಟಿನ ಬೇಕರಿಯ ಶೋಬರ್. ನೂರ ಹತ್ತು ಕೆಜಿ ಆಸಾಮಿ. "ಒಂದಾದ್ರೂ ಕೊಡಮ್ಮಾ, ಕುಂಟುಕೊಂಡು ನೋಡ್ತೀನಿ" ಅಂದ. ಕೊಡಲಿಲ್ಲ. ಚಪ್ಪಲಿ ಹೊಲಿದು ಕೊಡುತ್ತಿದ್ದ, ಉಣ್ಣೆ ಟೋಪಿ ಮಾಡುವ ಮುದುಕ ತೀರಿಕೊಂಡು ಎರಡು ವರ್ಷವಾಯಿತು. ಆದ್ದರಿಂದ ದಯವಿಟ್ಟು ಅಂಚೆಯಲ್ಲಿ ಕಳಿಸಿ.

ನಿಮಗೆ ಪ್ರೊಫೆಸರ್ ಅಂದದ್ದು ಗುರುತು ಹಿಡಿದು ಅಲ್ಲ. ಕಣ್ಣು ಕಿರಿದು ಮಾಡಿ ನೋಡುವ ಗಂಡಸರಿಗೆಲ್ಲ ನಾನು ಹಾಗೇ ಅನ್ನುವುದು. ನಿಮ್ಮ ಅಕ್ಷರ ಇಷ್ಟು ದಪ್ಪ ಯಾಕೆ? ಮಕ್ಕಳಿಗೆ ಬರೆದು ರೂಢಿಯೇ?

ಇನ್ನೊಂದು ಮಾತು. ಎಲ್ಲವನ್ನೂ ನೋಡಿದೆ ಎಂದು ಬರೆದಿದ್ದೀರಿ. ಬಿಳಿ ಹೆಂಚಿನ ಅಗ್ಗಿಷ್ಟಿಕೆಯ ಮೇಲಿನ ಮೂಲೆಯಲ್ಲಿ ಒಬ್ಬ ಪುಟ್ಟ ದೇವದೂತೆ ಇದ್ದಾಳೆ. ಅವಳನ್ನೂ ನೋಡಿದಿರಾ? ಕೇಳಲು ಕಾರಣವಿದೆ. ನನ್ನ ಕತ್ತಿನ ಮೂಳೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಮೂರು ವರ್ಷದಿಂದ ನಾನು ತಲೆ ಎತ್ತಿ ನೋಡಲಾರೆ.

ಎಲ್. ಜೌನರ್

—

ವೆಲ್ಸ್, ೨ ಅಕ್ಟೋಬರ್ ೧೯೮೬

ಮಾನ್ಯ ಕುಮಾರಿ ಜೌನರ್,

ತಲೆ ಎತ್ತಲಾಗದ ಕೆಲಸ ಮಾಡಿದವನು ನಾನು, ಎತ್ತಲಾರದವರು ನೀವು. ಇದು ಯಾವ ನ್ಯಾಯ?

ದೇವದೂತೆಯನ್ನು ನೋಡದೆ ಇರುತ್ತೇನೆಯೇ! ಮೊದಲು ಕಣ್ಣಿಗೆ ಬಿದ್ದವಳೇ ಅವಳು. ಹೊಂಬಣ್ಣದ ಗುಂಗುರು ಕೂದಲು, ಕೈಯಲ್ಲಿ ತುತ್ತೂರಿ, ಊದಿ ಊದಿ ಉಬ್ಬಿದ ಕೆನ್ನೆ. ಆಹಾ. ಪಕ್ಕದಲ್ಲಿದ್ದ ಹೆಂಗಸಿಗೂ ತೋರಿಸಿದೆ. "ಎಲ್ಲಿ, ಎಲ್ಲಿ?" ಅಂದಳು. ಕೆಲವರಿಗೆ ಕಣ್ಣು ಬರೀ ಅಲಂಕಾರಕ್ಕೆ.

ಚಪ್ಪಲಿ ಕಳಿಸಲು ಮನಸ್ಸು ಬರುತ್ತಿಲ್ಲ. ಜೋಡು ಎಂಬುದಕ್ಕೇ ಜೋಡು ಇಲ್ಲದೆ ಹೋದರೆ ಹೇಗಿರುತ್ತದೆಂದು ಬಲ್ಲ ಮನೆಯಿದು, ಇಬ್ಬರಿಗೂ ಹೊಂದಾಣಿಕೆಯಾಗಿದೆ. ಅದು ಬಂದ ಮೇಲೆ ನನಗೊಂದು ಕನಸು ಬೀಳುತ್ತದೆ. ಆ ಸಭಾಂಗಣ. ಕಿಟಕಿಗಳಲ್ಲಿ ಜೇನಿನ ಬಣ್ಣದ ಬಿಸಿಲು. ನಾನು ಒಂದೇ ಕಾಲಿನಲ್ಲಿ ಜಾರುತ್ತ ಹೋಗುತ್ತೇನೆ, ಗೋಡೆ ಸಿಗುವುದೇ ಇಲ್ಲ. ನೆಲ ಮೆಲ್ಲಗೆ ಕೊಳವಾಗುತ್ತದೆ, ಕೊಳ ಮೆಲ್ಲಗೆ ಆಕಾಶವಾಗುತ್ತದೆ. ಬೀಳುತ್ತೇನೆಂಬ ಭಯವೇ ಇಲ್ಲ, ಏಕೆಂದರೆ ಬೀಳಲು ಕೆಳಗೆ ಏನೂ ಇಲ್ಲ. ಯಾರೋ ದೂರದಿಂದ, "ತಲೆ ಬೇಡ, ಕಾಲು ಕೊಡಿ" ಅನ್ನುತ್ತಾರೆ. ಎದ್ದು ನೋಡಿದರೆ ನನ್ನ ಎರಡು ಕೋಣೆಯ ಅರೆಮನೆ.

ಇನ್ನೊಂದು ವಾರ ಇಟ್ಟುಕೊಳ್ಳಲೇ? ಅಕ್ಷರ ದಪ್ಪ ಯಾಕೆಂದು ಕೇಳಿದಿರಿ. ದೊಡ್ಡವರ ಅಕ್ಷರ ದೊಡ್ಡದು.

ಕಿಲಿಯನ್ ಹೋಲ್ಜಿಂಗರ್

—

ಹಿರ್ಶೆನ್‌ಬ್ರುನ್, ೩ ನವೆಂಬರ್ ೧೯೮೬

ಮಾನ್ಯ ಪ್ರೊಫೆಸರರಿಗೆ,

ಒಂದು ವಾರ ಅಂದವರು ತಿಂಗಳಾದರೂ ಕಳಿಸಲಿಲ್ಲ. ಈಗ ಅವಸರವಿಲ್ಲ. ಸರ್ವಸಂತರ ಹಬ್ಬಕ್ಕೆ ಅರಮನೆ ಮುಚ್ಚಿತು. ಚಪ್ಪಲಿಗಳನ್ನೆಲ್ಲ ಕೊಡವಿ ಗೂಟಕ್ಕೆ ತೂಗುಹಾಕಿದ್ದೇನೆ. ಒಂದು ಗೂಟದಲ್ಲಿ ಒಂಟಿ.

ತುತ್ತೂರಿಯ ವಿಷಯ. ಅವಳ ಕೈಯಲ್ಲಿ ತುತ್ತೂರಿ ಇದ್ದ ನೆನಪು ನನಗಿಲ್ಲ. ಮೋಡದ ಅಂಚು ಹಾಗೆ ಕಂಡಿರಬೇಕು. ನಾನು ನೋಡಿ ಬಹಳ ದಿನವಾಯಿತು, ನೋಡಿದವರು ನೀವು.

ಇನ್ನು ಮುಂದಿನದನ್ನು ನಾನು ಯಾರಿಗೂ ಬರೆದಿಲ್ಲ. ಯುದ್ಧ ಮುಗಿದ ವರ್ಷ ರಷ್ಯದ ಸಿಪಾಯಿಗಳು ಆ ಸಭಾಂಗಣದಲ್ಲಿ ಕುದುರೆ ಕಟ್ಟಿದ್ದರು. ಮಾಡು ಸೋರಿ, ಅಗ್ಗಿಷ್ಟಿಕೆಯ ಮೇಲಿನ ಮೂಲೆಯ ಚಿತ್ರ ಗಾರೆಯ ಸಮೇತ ಕಳಚಿ ಕುದುರೆಗಳ ಮೇಲೆ ಬಿತ್ತು. ೧೯೪೬ರಲ್ಲಿ ಅದನ್ನು ಮುಚ್ಚಲು ಊರಿನ ಸುಣ್ಣಬಣ್ಣದವನನ್ನು ಕರೆಸಿದರು. ಅವನೇ ನಮ್ಮಪ್ಪ. ಸಂಬಳ ಎರಡು ಮೂಟೆ ಆಲೂಗಡ್ಡೆ. ಬರೀ ಬಿಳಿ ಬಳಿದು ಬಾ ಅಂದಿದ್ದರು. ಅಪ್ಪ ಮೂರು ವಾರ ಮೇಲೇ ಮಲಗಿ ಮೋಡ ಬರೆದ, ರೆಕ್ಕೆ ಬರೆದ. ಮುಖ ಬರೆಯಲು ಅವನಿಗೆ ಬರುತ್ತಿದ್ದದ್ದು ಒಂದೇ ಮುಖ. ಹನ್ನೊಂದು ವರ್ಷದ ನಾನು, ಆಗ ತಾನೇ ಬಾವಿಕಟ್ಟೆಯ ಮೇಲೆ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಿದ್ದೆ. ಹಾಗೇ ಬರೆದ. ತಲೆಗೆ ಅಮ್ಮನ ವಸ್ತ್ರ ಕಟ್ಟಿದ. ಒಂದು ಕಾಲಿಗೆ ಉಣ್ಣೆ ಚಪ್ಪಲಿ ತೊಡಿಸಿದ. "ಸ್ವರ್ಗದಲ್ಲೂ ನೆಲ ಒರೆಸೋರು ಬೇಕಲ್ಲ ಪೋಲ್ಡಿ" ಅಂದ. ಆ ಚಳಿಗಾಲ ಅಪ್ಪ ಹೋದ. ನನ್ನ ಹತ್ತಿರ ಅವನ ಒಂದು ಫೋಟೋ ಕೂಡ ಇಲ್ಲ. ಇರುವುದು ಅವನ ಕಣ್ಣಿಗೆ ಕಂಡ ನಾನು ಮಾತ್ರ, ಹನ್ನೆರಡು ಮೀಟರ್ ಎತ್ತರದಲ್ಲಿ.

ಏಪ್ರಿಲ್ಲಿನಲ್ಲಿ ಚಾವಣಿ ಶುದ್ಧಿಗೆ ಅಟ್ಟಣಿಗೆ ಕಟ್ಟುತ್ತಾರೆ. ಚಿತ್ರಗಳನ್ನು ಸರಿಪಡಿಸುವ ಡಾಕ್ಟರ್ ಕ್ರೆನ್ ಅಂತ ಒಬ್ಬರು ಬಂದಿದ್ದರು. ಚಾವಣಿ ಮೊದಲು ಬರೆದದ್ದು ೧೭೩೮ರಲ್ಲಿ, ಅದರ ಈಚಿನದನ್ನೆಲ್ಲ ಕೆರೆದು ತೆಗೆಯುತ್ತಾರಂತೆ. ಮಾರ್ಚಿನಲ್ಲಿ ಅರಮನೆಯ ಸಮಿತಿ ಕೂತು ತೀರ್ಮಾನ ಮಾಡುತ್ತದೆ. ನಾನು ಬೇಡಿಕೊಂಡೆ. ಅವರು ಒರಟರಲ್ಲ. "ಇಷ್ಟು ವರ್ಷದಲ್ಲಿ ಬಂದವರು ಒಬ್ಬರಾದ್ರೂ ಅವಳನ್ನ ಗಮನಿಸಿದಾರಾ, ಹೇಳಿ?" ಎಂದು ಕೇಳಿದರು.

ಒಬ್ಬರು ಗಮನಿಸಿದ್ದಾರೆ, ಪ್ರೊಫೆಸರ್ ಒಬ್ಬರು ಎಂದೆ.

ಲಿಯೋಪೋಲ್ಡಿನಾ ಜೌನರ್

—

ವೆಲ್ಸ್, ೨೦ ನವೆಂಬರ್ ೧೯೮೬

ಪ್ರಿಯ ಕುಮಾರಿ ಜೌನರ್,

ಸರಿ, ಯುದ್ಧಕ್ಕೆ ಸಿದ್ಧ. ಸಮಿತಿಗೆ ಬರೆದ ಪತ್ರದ ನಕಲು ಜೊತೆಗಿದೆ. ಓದಿ, ಬೇಕಾದರೆ ಚೌಕಟ್ಟು ಹಾಕಿಸಿ. ಮುಖ್ಯ ಭಾಗ ಇದು:

"ನಾನು ಯುರೋಪಿನ ಅರವತ್ತು ಅರಮನೆಗಳ ಚಾವಣಿ ನೋಡಿದ್ದೇನೆ. ದೇವತೆಗಳೆಲ್ಲ ಒಂದೇ ಅಚ್ಚಿನ ಬೆಣ್ಣೆ ಬಿಸ್ಕತ್ತು. ಹಿರ್ಶೆನ್‌ಬ್ರುನ್ನಿನ ಮೂಲೆಯಲ್ಲಿ ಮಾತ್ರ ಮುರಿದ ಹಲ್ಲಿನ, ತಲೆವಸ್ತ್ರದ, ಒಂಟಿ ಚಪ್ಪಲಿಯ ಹುಡುಗಿಯೊಬ್ಬಳು ಸ್ವರ್ಗಕ್ಕೆ ಈಗ ತಾನೇ ಕೆಲಸಕ್ಕೆ ಬಂದವಳಂತೆ ನಿಂತಿದ್ದಾಳೆ. ಹದ್ದಿನ ಕಣ್ಣಿನವನೆಂದು ಮೂವತ್ತನಾಲ್ಕು ತರಗತಿಗಳು ಶಪಿಸಿದ ಈ ಕಣ್ಣುಗಳಿಂದಲೇ ಅವಳನ್ನು ಕಂಡಿದ್ದೇನೆ. ಅವಳನ್ನು ಕೆರೆಯುವವರು ನನ್ನ ಸಾಕ್ಷ್ಯವನ್ನು ಮೊದಲು ಕೆರೆಯಲಿ."

ಹೇಗಿದೆ? ಗುಂಗುರು ಕೂದಲು ಬಿಟ್ಟಿದ್ದೇನೆ. ತಲೆವಸ್ತ್ರದಡಿ ಇದ್ದದ್ದು ಇದ್ದುಕೊಳ್ಳಲಿ.

ನಿಮ್ಮ ಪತ್ರ ಬಂದ ದಿನ ಕನಸಿನಲ್ಲಿ ನೆಲದ ಆಕಾಶದೊಳಗಿಂದ ಒಬ್ಬಳು ಕೈಬೀಸಿದಳು. ಮುಖ ಕಾಣಲಿಲ್ಲ. ಕನಸಿನಲ್ಲೂ ನನಗೆ... ಇರಲಿ.

ನಿಮ್ಮ ಕಿಲಿಯನ್ ಹೋಲ್ಜಿಂಗರ್

—

ಹಿರ್ಶೆನ್‌ಬ್ರುನ್, ೨೧ ಡಿಸೆಂಬರ್ ೧೯೮೬

ಪ್ರಿಯ ಪ್ರೊಫೆಸರರೇ,

ಒಣ ಪೇರಳೆ ಹಾಕಿದ ಹಬ್ಬದ ರೊಟ್ಟಿ ಕಳಿಸಿದ್ದೇನೆ. ಗಟ್ಟಿಯಾಗಿದೆ, ಹೋಳು ತೆಳ್ಳಗೆ ಕತ್ತರಿಸಿ. ನನ್ನ ಹಲ್ಲಿನ ಕಥೆ ನಿಮಗೆ ಗೊತ್ತೇ ಇದೆ.

ನಿಮ್ಮ ಪತ್ರವನ್ನು ಸಮಿತಿಯಲ್ಲಿ ಗಟ್ಟಿಯಾಗಿ ಓದಿದರಂತೆ. ಬೆಣ್ಣೆ ಬಿಸ್ಕತ್ತಿಗೆ ಎಲ್ಲರೂ ನಕ್ಕರಂತೆ. ಡಾಕ್ಟರ್ ಕ್ರೆನ್ ಫೋನ್ ಮಾಡಿದ್ದರು. "ನಿಮ್ಮ ಸಾಕ್ಷಿ ಚೆನ್ನಾಗಿ ಬರೀತಾರೆ. ಕಾಗದ ಸಾಲದು, ಅವರೇ ಬರಲಿ. ಮಾರ್ಚ್ ಹನ್ನೆರಡು, ಬೆಳಿಗ್ಗೆ ಹನ್ನೊಂದಕ್ಕೆ. ಕರಿಕಲ್ಲಿನ ಮೇಲೆ ನಿಂತು ಅವಳನ್ನ ಬೆರಳಿಟ್ಟು ತೋರಿಸಲಿ. ಬಂದುಹೋಗೋ ಒಬ್ಬ ಮನುಷ್ಯನ ಕಣ್ಣಿಗೆ ಅವಳು ಕಾಣ್ತಾಳೆ ಅಂತಾದ್ರೆ ಅವಳು ಅರಮನೆಯವಳೇ. ನಾನು ಕೆರೆಯಲ್ಲ" ಅಂದರು.

ನಾನು ಫೋನಿನ ಮುಂದೆ ಅತ್ತೆ. ಇದನ್ನು ಬರೆಯಬಾರದಿತ್ತು. ಬರೆದಾಯಿತು.

ಬರುತ್ತೀರಿ ತಾನೆ? ಅವತ್ತು ಆಲೂಗಡ್ಡೆ ಸಾರು ಮಾಡಿರುತ್ತೇನೆ. ಚಪ್ಪಲಿಯನ್ನೂ ತನ್ನಿ.

ಪೋಲ್ಡಿ ಜೌನರ್

—

ವೆಲ್ಸ್, ೧೨ ಜನವರಿ ೧೯೮೭

ರೊಟ್ಟಿಗೆ ಧನ್ಯವಾದ. ಹಿಮ ಬಹಳ. ಮಂಡಿಯಲ್ಲಿ ವಾತ. ರೈಲುಗಳೂ ಸರಿಯಿಲ್ಲ ಅನ್ನುತ್ತಾರೆ. ಮಾರ್ಚ್ ವಿಷಯ ನೋಡೋಣ. ನನ್ನ ಬದಲು ಪತ್ರವನ್ನೇ ಇನ್ನೊಮ್ಮೆ ಓದಿದರೆ ಆಗದೇ?

ಕೆ. ಹೋಲ್ಜಿಂಗರ್

—

ಹಿರ್ಶೆನ್‌ಬ್ರುನ್, ೧೬ ಫೆಬ್ರವರಿ ೧೯೮೭

ಮಾನ್ಯ ಪ್ರೊಫೆಸರರಿಗೆ,

ನಿಮ್ಮ ಜನವರಿಯ ಚೀಟಿ ಬಂದ ಮೇಲೆ ಎರಡು ಕಾಗದ ಬರೆದೆ, ಉತ್ತರವಿಲ್ಲ. ಅರ್ಥವಾಯಿತು. ಚೆಂದದ ಪತ್ರ ಬರೆಯುವುದು ಒಂದು, ಸುಣ್ಣಬಣ್ಣದವನ ಮಗಳ ಪಕ್ಕ ಸಮಿತಿಯ ಐದು ಜನ ದೊಡ್ಡವರ ಎದುರು ನಿಲ್ಲುವುದು ಇನ್ನೊಂದು. ಪಕ್ಕದ ಮನೆಯ ಹೆರ್ಮಾ, "ನಿನ್ ಪ್ರೊಫೆಸರು ಬರೀ ಮಸಿಯಲ್ಲಿ ಶೂರ ಕಣೇ ಪೋಲ್ಡಿ" ಅಂದಳು. ಇಲ್ಲ ಅಂದೆ. ಈಗ ಏನನ್ನಲಿ?

ಬರುವುದು ಬಿಡುವುದು ನಿಮ್ಮಿಷ್ಟ. ಆದರೆ ಚಪ್ಪಲಿ ಕಳಿಸಿ. ಅದು ಯಾಕೆ ಬೇಕೆಂದು ಹೇಳದೆ ಇಟ್ಟುಕೊಂಡಿದ್ದೆ. ನೀವು ನಗುತ್ತೀರೆಂದು.

ನಮ್ಮ ನೆಲವನ್ನು ಹೊಳೆಯಿಸುವುದು ನಾನಲ್ಲ. ಬಂದವರ ಕಾಲು. ನಲವತ್ತು ಜನ, ದಿನಕ್ಕೆ ಆರು ಸುತ್ತು, ಗೋಡೆಯುದ್ದಕ್ಕೂ ಸಾಲಾಗಿ ಜಾರಿ ತಮ್ಮ ಜಾಗದಲ್ಲಿ ನಿಂತು, ಅತ್ತಿತ್ತ ಕಾಲು ಬದಲಿಸುತ್ತಾರಲ್ಲ, ಆ ಉಜ್ಜುವಿಕೆ. ಹಾಗೆ ಉಜ್ಜಿದ ನೆಲದಲ್ಲಿ ಸಂಜೆ ನಾಲ್ಕರ ಬಿಸಿಲು ಬಿದ್ದಾಗ ಇಡೀ ಚಾವಣಿ ಕೆಳಗೆ ಬರುತ್ತದೆ. ಮೋಡ, ರೆಕ್ಕೆ, ಎಲ್ಲ. ತಲೆ ಎತ್ತಲಾಗದವಳಿಗೆ ಸ್ವರ್ಗ ಕಾಲಡಿಗೇ ಬರುತ್ತಿತ್ತು. ಎಲ್ಲರೂ ಹೋದ ಮೇಲೆ ನಾನು ಅಗ್ಗಿಷ್ಟಿಕೆಯ ಮೂಲೆಗೆ ಹೋಗಿ ನಿಲ್ಲುತ್ತಿದ್ದೆ. ಅಲ್ಲಿ ನೆಲದಲ್ಲಿ ಅವಳಿರುತ್ತಿದ್ದಳು. ಅಪ್ಪ ನೋಡಿದ ಹಾಗೆ ನನ್ನನ್ನು ನಾನು ನೋಡುತ್ತಿದ್ದೆ. ಮೂರು ವರ್ಷದಿಂದ ದಿನಾ.

ಸಾಲಿನ ಕೊನೆಯವರು ನಿಲ್ಲುವ ಜಾಗ ಆ ಮೂಲೆ. ನಲವತ್ತನೆಯವರು. ಸೆಪ್ಟೆಂಬರಿನಿಂದ ಅಲ್ಲಿ ಯಾರೂ ನಿಂತಿಲ್ಲ. ಋತುವಿನ ಕೊನೆಯ ಆರು ವಾರದ ಹೊಳಪು ಚಳಿಗಾಲವಿಡೀ ಉಳಿಯುತ್ತದೆ. ಈ ಸಲ ಅದೇ ಬರಲಿಲ್ಲ. ನಾನೇ ಉಜ್ಜಿ ನೋಡಿದೆ. ಐವತ್ತೆರಡು ಕೆಜಿಯ ಹೆಂಗಸಿಗೆ ಆ ಮರ ಮಣಿಯುವುದಿಲ್ಲ. ಅದಕ್ಕೆ ಭಾನುವಾರದ ಊಟ ಮುಗಿಸಿ ಬಂದ ಶೋಬರ್ ಬೇಕು. ಅವಳು ಮೊದಲು ಮಬ್ಬಾದಳು. ಕ್ರಿಸ್ಮಸ್ ಹೊತ್ತಿಗೆ ಹೋದಳು. ಏಪ್ರಿಲ್ಲಿನಲ್ಲಿ ಮೇಲಿನಿಂದಲೂ ಹೋಗುತ್ತಾಳೆ.

ನೀವು ತಮಾಷೆಗೆ ಕದ್ದದ್ದು ಏನೆಂದು ತಿಳಿದಿರಲಿ ಎಂದು ಬರೆದೆ.

ಎಲ್. ಜೌನರ್

—

ಹಿರ್ಶೆನ್‌ಬ್ರುನ್, ೧೫ ಮಾರ್ಚ್ ೧೯೮೭

ಪ್ರಿಯ ಕಿಲಿಯನ್,

ಬಹುವಚನವನ್ನು ಮೊದಲು ಬಿಡುವ ಹಕ್ಕು ಹೆಂಗಸಿನದು. ನಾನು ಬಿಟ್ಟಿದ್ದೇನೆ. ನೀನೂ ಬಿಡು.

ಗುರುವಾರ ನಿನಗೆ ಸರಿಯಾಗಿ ಏನೂ ಹೇಳಲಾಗಲಿಲ್ಲ. ಸಾರು ಕುಡಿದವನೇ ರೈಲಿಗೆ ಓಡಿದೆ. ಆದ್ದರಿಂದ ನಡೆದದ್ದನ್ನೆಲ್ಲ ಬರೆದು ಇನ್ನೊಮ್ಮೆ ನೋಡಿಕೊಳ್ಳುತ್ತೇನೆ.

ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದರೆ ನೀನು, ಗಡ್ಡದಲ್ಲಿ ಹಿಮ, ಕೈಯಲ್ಲಿ ಚಪ್ಪಲಿ. ನಮಸ್ಕಾರವೂ ಇಲ್ಲ. "ಆ ಮೂಲೆ ಎಲ್ಲಿ?" ಅಂದೆ. ಬೆಂಚಿನಲ್ಲಿ ಕೂತೆ, ನಾನು ಪಟ್ಟಿ ಬಿಗಿದೆ, ತೋಳು ಹಿಡಿದು ಕರೆದೊಯ್ದೆ. ಆಮೇಲೆ ನೀನು ಎರಡೂವರೆ ಗಂಟೆ, ಕೋಟು ಬಿಚ್ಚಿ, ಅಷ್ಟೂ ಚಳಿಯಲ್ಲಿ, ಗೂಟ ಸುತ್ತುವ ಕರಡಿಯ ಹಾಗೆ ಅಲ್ಲೇ ಉಜ್ಜಿದೆ.

"ಸಾಕು, ಮಂಡಿ ವಾತ ಅಂದಿದ್ರಿ" ಅಂದೆ.

"ಶಿಕ್ಷೆ ಅನುಭವಿಸ್ತಿದೀನಿ, ಮಧ್ಯೆ ಮಾತಾಡಿಸ್ಬೇಡಿ."

"ಸಮಿತಿ ಕಾರು ಬಂತು ಕಣ್ರೀ!"

"ಬರ್ಲಿ. ಅವ್ರಿಗೂ ಚಪ್ಪಲಿ ಹಾಕಿ, ಉಜ್ಲಿ."

ಐದೂ ಜನ ಚಪ್ಪಲಿ ತೊಟ್ಟು ಬಂದರು. ನೀನು ಕರಿಕಲ್ಲಿನ ಮೇಲೆ ನಿಂತೆ. ನಾನು ನನ್ನ ಮೂಲೆಗೆ ಹೋಗಿ ನಿಂತೆ. ಬೇರೆ ಎಲ್ಲಿ ನಿಲ್ಲಲಿ? ಡಾಕ್ಟರ್ ಕ್ರೆನ್, "ಸರಿ ಪ್ರೊಫೆಸರ್, ತೋರಿಸಿ" ಅಂದರು. ನೀನು ತಲೆ ಎತ್ತಲೇ ಇಲ್ಲ. ಎಷ್ಟು ಹೊತ್ತು! ಕಿಟಕಿಯ ಹಿಮ ಕರಗಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಎಲ್ಲ ಮುಗಿಯಿತು ಅಂದುಕೊಂಡೆ. ಆಗ ನೀನು ಕೈ ಚಾಚಿ ನನ್ನ ಕಾಲಿನ ಕಡೆ ಬೆರಳು ಮಾಡಿದೆ.

"ಅಲ್ಲಿ. ಅವರು ನಿಂತಿದಾರಲ್ಲ, ಅಲ್ಲೇ."

"ನಾನು ಕೇಳಿದ್ದು ಚಾವಣಿ."

"ಚಾವಣಿ ಮೇಲೆ ನೋಡೋಕೆ ಒಂದು ಕತ್ತು ಸಾಕು ಡಾಕ್ಟರೇ. ನೆಲದಲ್ಲಿ ನೋಡೋಕೆ ನಲವತ್ತು ಜನರ ಕಾಲು ಬೇಕು. ಬನ್ನಿ, ಬಗ್ಗಿ."

ಅವರು ಜಾರುತ್ತ ಬಂದು ಬಗ್ಗಿದರು. ನಾನೂ ನೋಡಿದೆ. ಇದ್ದಳು, ಕಿಲಿಯನ್. ಬೆಳಗಿನ ಬಿಸಿಲು ಅಡ್ಡ ಬಿದ್ದಿತ್ತು, ಅವಳು ನೀರಿನೊಳಗಿಂದ ಎದ್ದು ಬಂದವಳ ಹಾಗೆ ಇದ್ದಳು. ಡಾಕ್ಟರ್ ಕ್ರೆನ್ ಮಂಡಿಯೂರಿ ಕೂತೇಬಿಟ್ಟರು. ಆಮೇಲೆ ದುರ್ಬೀನು ತೆಗೆದು ಮೇಲೆ ನೋಡಿ, ಆ ಬಿಗಿ ಮನುಷ್ಯ, ಮಗುವಿನ ಹಾಗೆ ನಕ್ಕರು. "ಹಲ್ಲಿಲ್ಲ ಈ ಹುಡುಗಿಗೆ! ಇಷ್ಟು ಸಲ ಬಂದಿದೀನಿ, ಒಂದ್ಸಲಾನೂ ನೋಡಿಲ್ವಲ್ಲ!" ದುರ್ಬೀನು ಐದೂ ಕೈಗೆ ಹೋಯಿತು. ಮೂರು ಪರ, ಎರಡು ವಿರೋಧ. ಅವಳನ್ನು ತೊಳೆಯುತ್ತಾರೆ, ಕೆರೆಯುವುದಿಲ್ಲ. ಅಪ್ಪನ ಹೆಸರನ್ನೂ ಫಲಕದಲ್ಲಿ ಬರೆಸುತ್ತಾರಂತೆ.

ಹೆರ್ಮಾಗೆ ಹೇಳಿದೆ: ಮಸಿಯಲ್ಲೂ ಶೂರ, ಉಣ್ಣೆಯಲ್ಲೂ ಶೂರ.

ಇನ್ನು ನನ್ನದೊಂದೇ ಆಸೆ. ನೆಲದಲ್ಲಿ ನನಗೆ ಸಿಗುವವಳು ತಲೆಕೆಳಗಾದವಳು. ನೆಟ್ಟಗಿನವಳನ್ನು ಮೂರು ವರ್ಷದಿಂದ ನೋಡಿಲ್ಲ. ನನಗೀಗ ಅವಳ ಕಣ್ಣು ಮರೆತೇಹೋಗಿದೆ. ಅಪ್ಪ ಬರೆದಾಗ ನಾನು ನಗುತ್ತಿದ್ದೆನೋ ಹೆದರಿದ್ದೆನೋ? ಸೆಪ್ಟೆಂಬರಿನ ಆ ಭಾನುವಾರ ನೀನು ಬರಿಗಣ್ಣಿನಲ್ಲಿ ನೋಡಿದ್ದೀಯಲ್ಲ, ಅದನ್ನೊಂದು ಬರೆ. ಅಲಂಕಾರ ಬೇಡ.

ನಿನ್ನ ಪೋಲ್ಡಿ

—

ವೆಲ್ಸ್, ೧೯ ಮಾರ್ಚ್ ೧೯೮೭, ಸಂತ ಜೋಸೆಫರ ಹಬ್ಬ

ಪ್ರಿಯ ಪೋಲ್ಡಿ,

ಏಕವಚನಕ್ಕೆ ಧನ್ಯವಾದ. ಬೈಯಲು ಅದೇ ಅನುಕೂಲ, ಮತ್ತು ಈ ಕಾಗದ ಮುಗಿಯುವಷ್ಟರಲ್ಲಿ ನಿನಗೆ ಅದರ ಅಗತ್ಯ ಬೀಳುತ್ತದೆ.

ಅವಳ ಕಣ್ಣು ಹೇಗಿದೆಯೆಂದು ಕೇಳಿದ್ದೀಯ. ಬೇರೆ ಏನು ಕೇಳಿದ್ದರೂ ಸುಳ್ಳು ಹೇಳಿ ಜಾರಿಕೊಳ್ಳುತ್ತಿದ್ದೆ. ಜಾರುವುದನ್ನು ನಿನ್ನ ಅರಮನೆಯೇ ಕಲಿಸಿದೆ. ಮೂರು ದಿನ ಕೂತು ಒಂದು ಜೊತೆ ಕಣ್ಣನ್ನು ಬರೆದೂ ಇದ್ದೆ, ತಿಳಿ ಕಂದು, ಅಂಚಿನಲ್ಲಿ ನಗು. ಚೆನ್ನಾಗಿಯೇ ಇತ್ತು. ಹರಿದು ಒಲೆಗೆ ಹಾಕಿದೆ. ನಿನ್ನ ಅಪ್ಪ ಮೂರು ವಾರ ಮಲಗಿ ಬರೆದ ಮುಖದ ಮೇಲೆ ನಾನು ಸುಳ್ಳು ಬಳಿದರೆ, ಕೆರೆಯಲು ಬಂದವರಿಗೂ ನನಗೂ ಏನು ವ್ಯತ್ಯಾಸ?

ನಾನು ಅವಳನ್ನು ನೋಡಿಲ್ಲ. ಸೆಪ್ಟೆಂಬರಿನಲ್ಲೂ ಇಲ್ಲ, ಮೊನ್ನೆಯೂ ಇಲ್ಲ. ನನ್ನ ಎರಡು ಕಣ್ಣಿಗೂ ಪೊರೆ ಬಂದು ನಾಲ್ಕನೆಯ ವರ್ಷ. ಮೂಗಿನ ಹತ್ತಿರ ಹಿಡಿದರೆ ದಪ್ಪ ಅಕ್ಷರ ಕಾಣುತ್ತದೆ. ಮೂರು ಹೆಜ್ಜೆಯಾಚೆ ಲೋಕವೆಲ್ಲ ಹಾಲಿಗೆ ಬಿದ್ದ ಹಾಗೆ. ನಿಮ್ಮ ಚಾವಣಿ ನನಗೆ ಕಂಡದ್ದು ಮೊಸರಿನಲ್ಲಿ ಕದಡಿದ ಪ್ಲಮ್ ಜಾಮ್. ತುತ್ತೂರಿ ನಾನೇ ಊದಿಕೊಂಡದ್ದು. ಡಾಕ್ಟರು ಕತ್ತರಿ ಅಂದಾಗಲೆಲ್ಲ ಬೇಸಿಗೆ ಕಳೆಯಲಿ, ಚಳಿಗಾಲ ಕಳೆಯಲಿ ಅಂದೆ. ಶಾಲೆಯಲ್ಲಿ ಹದ್ದು ಅನ್ನಿಸಿಕೊಂಡವನು ಊರಿಗೆಲ್ಲ ಹದ್ದಾಗಿಯೇ ಉಳಿದೆ. ಜನವರಿಯಲ್ಲಿ ನಿನಗೆ ಬರೆದ ಹಿಮ, ವಾತ, ರೈಲು, ಎಲ್ಲವೂ ಈ ಪೊರೆಯೇ. ಸುಣ್ಣಬಣ್ಣದವನ ಮಗಳ ಪಕ್ಕ ನಿಲ್ಲಲು ನಾಚಿದ್ದೇನೆಂದು ನೀನು ತಿಳಿದೆ. ಅಯ್ಯೋ, ನಾಚಿಕೆ ಇದ್ದದ್ದು ಅವಳು ಎಲ್ಲಿದ್ದಾಳೆಂದೇ ತಿಳಿಯದೆ ಐದು ಜನರೆದುರು ಅಗ್ಗಿಷ್ಟಿಕೆಯ ಬದಲು ಕಿಟಕಿಗೆ ಬೆರಳಿಟ್ಟೇನೆಂದು.

ಫೆಬ್ರವರಿಯ ನಿನ್ನ ಕಾಗದವನ್ನು ಭೂತಗನ್ನಡಿ ಹಿಡಿದು ನಾಲ್ಕು ಸಲ ಓದಿದೆ. ಕಣ್ಣಿಗಾಗದಿದ್ದರೂ ಕಾಲಿಗಾಗುವ ಕೆಲಸ ಒಂದಿದೆ ಅಂತ ಹೊರಟುಬಂದೆ. ಕರಿಕಲ್ಲಿನ ಮೇಲೆ ನಿಂತಾಗ ನನಗೆ ಕಂಡದ್ದು 'ಸರಿ, ತೋರಿಸಿ' ಎಂಬ ಧ್ವನಿ, ಅದರಾಚೆ ಹಾಲು. ಆ ಹಾಲಿನೊಳಗೆ ಒಂದು ಕಡೆ ಸಣ್ಣ ಕಪ್ಪು ನಿಲುವು. ನೀನು. ನೀನು ಎಲ್ಲಿ ನಿಲ್ಲುತ್ತೀಯೋ ಅವಳು ಅಲ್ಲೇ ಇರಬೇಕು, ಇನ್ನೆಲ್ಲಿ ನಿಲ್ಲುತ್ತೀಯ? ಬೆರಳು ಮಾಡಿದೆ. ಆ ನಲವತ್ತು ಕಾಲಿನ ಮಾತೆಲ್ಲ ಆಮೇಲೆ ತಾನಾಗಿ ಬಂತು. ಮೇಷ್ಟ್ರಾದವನಿಗೆ ಗೊತ್ತಿಲ್ಲದಾಗಲೇ ಮಾತು ಚೆನ್ನಾಗಿ ಬರುವುದು.

ಆದ್ದರಿಂದ ನೆಟ್ಟಗಿನವಳ ಬಗ್ಗೆ ನನ್ನ ಹತ್ತಿರ ಏನೂ ಇಲ್ಲ. ನಾನು ನಿಜವಾಗಿ ನೋಡಿದ್ದು ಇಷ್ಟು: ಬೆಂಚಿನ ಮುಂದೆ ಮೊಣಕಾಲೂರಿದ ಒಬ್ಬಳ ಬೈತಲೆ, ಅದರಲ್ಲಿ ಒಂದು ಕಂದು ಪಿನ್ನು, ಪಟ್ಟಿ ಬಿಗಿಯುವ ಎರಡು ಕೈ, ಎಡಗೈ ಹೆಬ್ಬೆರಳಲ್ಲಿ ಮೇಣದ ಕಲೆ. ಒಂದು ಮೊಳದಷ್ಟು ದೂರ. ಅಷ್ಟು ಸ್ಪಷ್ಟವಾಗಿ ನಾನು ನಾಲ್ಕು ವರ್ಷದಿಂದ ಏನನ್ನೂ ನೋಡಿರಲಿಲ್ಲ.

ಮೇ ನಾಲ್ಕಕ್ಕೆ ಲಿಂಟ್ಸ್ ಆಸ್ಪತ್ರೆಯಲ್ಲಿ ಹಾಸಿಗೆ ಕಾದಿರಿಸಿದ್ದೇನೆ. ಮೊದಲು ಬಲಗಣ್ಣು. ಪಟ್ಟಿ ಬಿಚ್ಚಿದ ವಾರ ಬರುತ್ತೇನೆ, ಅಟ್ಟಣಿಗೆ ಹತ್ತುತ್ತೇನೆ, ಅವಳ ಕಣ್ಣು ನೋಡಿ ಇಳಿದು ಬಂದು ಅಲಂಕಾರವಿಲ್ಲದೆ ಹೇಳುತ್ತೇನೆ. ಬಾಗಿಲು ತೆಗೆಯುತ್ತೀಯಾದರೆ.

ತೆಗೆಯುವ ಮುಂಚೆ ಇನ್ನೊಂದನ್ನೂ ತಿಳಿದುಕೋ. ಇದು ಪೊರೆಗಿಂತ ಕಷ್ಟ. ನನ್ನ ಮೊದಲ ಕಾಗದದ ಮೊದಲ ಸಾಲು. ಕೋಟು, ಶಿಳ್ಳೆ, ನೆಪೋಲಿಯನ್. ಪೋಲ್ಡಿ, ನಾನು ಜೀವಮಾನದಲ್ಲಿ ಏನನ್ನೂ ಕದ್ದವನಲ್ಲ. ಅವತ್ತು ಬೆಂಚಿನ ಮೇಲೆ ಕೂತು ಒಂದು ಚಪ್ಪಲಿ ಬಿಚ್ಚಿದೆ, ಇನ್ನೊಂದೂ ಬಿಚ್ಚಿದೆನೆಂದು ತಿಳಿದು ಎದ್ದೆ. ಅಂಗಳ ದಾಟಿದೆ, ಬೆಟ್ಟ ಇಳಿದೆ, ರೈಲು ಹತ್ತಿ ಕಾಲಮೇಲೆ ಕಾಲು ಹಾಕಿ ಹದ್ದಿನ ಹಾಗೆ ಕಿಟಕಿಯಾಚೆ ನೋಡುತ್ತ ಕೂತೆ. ಲಿಂಟ್ಸ್ ಬರಲು ಎರಡು ನಿಲ್ದಾಣವಿದೆ ಅನ್ನುವಾಗ ಟಿಕೆಟ್ ನೋಡಲು ಬಂದವನು ಟೋಪಿ ಎತ್ತಿ, ಇಡೀ ಡಬ್ಬಿಗೆ ಕೇಳುವ ಹಾಗೆ, ಬಹಳ ವಿನಯದಿಂದ ಕೇಳಿದ:

"ಸ್ವಾಮಿ, ನಿಮ್ಗೆ ಒಂದೇ ಕಾಲಿಗೆ ಚಳಿನಾ?"

ಕಿಲಿಯನ್